ಕ್ಯಾಮರಾ ಯಾರ ಪಕ್ಷ?
(ಡಚ್ ಸಾಕ್ಷ್ಯಚಿತ್ರಕಾರ ಯೋರಿಸ್ ಈವೆನ್ಸರನ್ನು ಕುರಿತು ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಬೇಕೆಂದಿರುವುದು ಚಿತ್ರ ತೆಗೆಯುವ ಒಬ್ಬ ಮನುಷ್ಯನ ವಿಷಯ. ಚಿತ್ರವೆಂದೊಡನೆ ತಾರೆಯರ ಮುಖ, ಹಾಡು, ಕುಣಿತ ಇವೇ ಕಣ್ಣ ಮುಂದೆ ಬರುವುದು ಸಹಜ. ಆದರೆ ಈತನ ಚಿತ್ರಗಳಲ್ಲಿ ತಾರೆಯರಿಲ್ಲ. ಕಲ್ಲು ಹೊರುವವನು, ಗಾಜು ಊದುವವನು, ಕಲ್ಲಿದ್ದಲಿನ ಗಣಿಗೆ ಇಳಿಯುವವನು, ಹಡಗಿನ ಬಾಯ್ಲರಿನ ಮುಂದೆ ಬೇಯುವವನು, ಇವರೇ ಅಲ್ಲಿಯ ನಾಯಕರು. ಹಾಲೆಂಡ್ ದೇಶದ ಈ ಚಿತ್ರಕಾರನ ಹೆಸರು ಯೋರಿಸ್ ಈವೆನ್ಸ್. 1898ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಇವರು ಅರುವತ್ತು ವರುಷಕ್ಕೂ ಮಿಕ್ಕಿ ಕ್ಯಾಮರಾ ಹಿಡಿದು ಐದು ಖಂಡಗಳನ್ನು ಸುತ್ತಿದರು.

ಹಾಲೆಂಡಿನವನ ಸಂಗತಿ ಹೋಟೆಲಿನಲ್ಲಿಯೂ ಗಿರಣಿಯಲ್ಲಿಯೂ ದುಡಿದು ಬಂದ ನಮಗೇತಕ್ಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಉತ್ತರ ಇಷ್ಟೆ: ಚಿತ್ರಕ್ಕೆ ಹಣ ಹಾಕುವವನು ಒಬ್ಬ, ಚಿತ್ರದಲ್ಲಿ ದುಡಿಯುವ ಕೈ ಇನ್ನೊಬ್ಬನದು. ಇವರಿಬ್ಬರಲ್ಲಿ ಕ್ಯಾಮರಾ ಯಾರ ಮಾತನ್ನು ಕೇಳಬೇಕು? ಈವೆನ್ಸರ ಬಾಳೆಲ್ಲ ಈ ಒಂದು ಪ್ರಶ್ನೆಯೊಡನೆ ನಡೆಸಿದ ಹೋರಾಟ. ಆ ಹೋರಾಟದಲ್ಲಿ ಅವರು ಗೆದ್ದದ್ದೂ ಉಂಟು, ಎಡವಿದ್ದೂ ಉಂಟು. ಅವೆರಡನ್ನೂ ತಿಳಿದುಕೊಳ್ಳುವುದು ನಮಗೆ ಹಿತ. ಇನ್ನೊಂದು ಕಾರಣವೂ ಇದೆ. ಇವರ ಅತ್ಯಂತ ಧೀರ ಚಿತ್ರವೊಂದರಲ್ಲಿ ನಮ್ಮ ದೇಶದ ಖಲಾಸಿಗಳೇ ಇದ್ದಾರೆ. ಅಲ್ಲಿಗೆ ಬರುವ ಮೊದಲು ಕಥೆಯನ್ನು ಬುಡದಿಂದ ಹೇಳುವುದು ಒಳ್ಳೆಯದು.

ಈವೆನ್ಸರು ಬಡವರ ಮನೆಯಲ್ಲಿ ಹುಟ್ಟಿದವರಲ್ಲ. ನೈಮೇಗನ್ ಎಂಬ ಊರಿನಲ್ಲಿ ಅವರ ಅಜ್ಜ ಛಾಯಾಚಿತ್ರಗಾರರು. ತಂದೆಗೆ ‘ಕಾಪಿ’ ಎಂಬ ಹೆಸರಿನ ಕ್ಯಾಮರಾ ಅಂಗಡಿಗಳು. ಹದಿಮೂರು ವರುಷದ ಹುಡುಗನು ಅಂಗಡಿಯ ಕ್ಯಾಮರಾ ಎತ್ತಿಕೊಂಡು, ಮನೆಯವರಿಗೇ ವೇಷ ಕಟ್ಟಿಸಿ, 1912ರಲ್ಲಿ ಒಂದು ಪುಟ್ಟ ಕಥಾಚಿತ್ರವನ್ನು ತೆಗೆದನು. ಮಗನು ವ್ಯಾಪಾರವನ್ನು ನೋಡಿಕೊಳ್ಳಲೆಂದು ತಂದೆಯು ಅವನಿಗೆ ರಾಟರ್ಡಾಮಿನಲ್ಲಿ ಅರ್ಥಶಾಸ್ತ್ರವನ್ನೂ, ಬರ್ಲಿನ್ನಿನಲ್ಲಿ ಛಾಯಾಚಿತ್ರದ ತಾಂತ್ರಿಕ ವಿದ್ಯೆಯನ್ನೂ ಓದಿಸಿದರು. ಜರ್ಮನಿಯ ಕ್ಯಾಮರಾ ಕಾರಖಾನೆಗಳಲ್ಲಿಯೂ ಅವರು ಕೆಲಸ ಕಲಿತರು. ಆಮ್ಸ್ಟರ್ಡಾಮಿಗೆ ಮರಳಿ ಅಂಗಡಿಯ ಶಾಖೆಯನ್ನು ವಹಿಸಿಕೊಂಡ ಮೇಲೆ ಗಲ್ಲದ ಮೇಲಿನ ಗಮನಕ್ಕಿಂತ ಚಿತ್ರದ ಮೇಲಿನ ಗಮನವೇ ಹೆಚ್ಚಾಯಿತು. 1927ರಲ್ಲಿ ಗೆಳೆಯರೊಡನೆ ‘ಫಿಲ್ಮ್‌ಲಿಗಾ’ ಎಂಬ ಚಿತ್ರಸಂಘ ಹುಟ್ಟಿಕೊಂಡಿತು. 1928ರಲ್ಲಿ ರಾಟರ್ಡಾಮಿನ ಎತ್ತುಸೇತುವೆಯ ಮೇಲೆ ‘ಸೇತುವೆ’ ಎಂಬ ಚಿತ್ರ. 1929ರಲ್ಲಿ ಗೆಳೆಯ ಮಾನುಸ್ ಫ್ರಾಂಕೆನ್ನರೊಡನೆ ಆಮ್ಸ್ಟರ್ಡಾಮಿನ ಮಳೆಯ ಮೇಲೆ ‘ಮಳೆ’ ಎಂಬ ಚಿತ್ರ. ಇವೆರಡರಿಂದ ಯುರೋಪಿನಲ್ಲೆಲ್ಲ ಹೆಸರಾಯಿತು. ಇಷ್ಟಕ್ಕೇ ನಿಂತಿದ್ದರೆ ಅವರು ಚೆಂದದ ಚಿತ್ರ ತೆಗೆಯುವ ಒಬ್ಬ ಸಿರಿವಂತರ ಮಗನಾಗಿ ಉಳಿಯುತ್ತಿದ್ದರು. ನಾವು ಇಂದು ಅವರ ಹೆಸರೆತ್ತುವ ಕಾರಣವಿರುತ್ತಿರಲಿಲ್ಲ.

ದಾರಿ ತಿರುಗಿದ್ದು ಒಂದು ಕಾರ್ಮಿಕ ಸಂಘದಿಂದ. ಹಾಲೆಂಡಿನ ಕಟ್ಟಡ ಕೆಲಸಗಾರರ ಸಂಘದವರು ತಮ್ಮ ಬೆಳ್ಳಿಹಬ್ಬಕ್ಕೊಂದು ಚಿತ್ರ ಬೇಕೆಂದು ಅವರನ್ನು ಕರೆದರು. 1930ರಲ್ಲಿ ಹೊರಬಂದ ಆ ಚಿತ್ರದ ಹೆಸರು ‘ನಾವು ಕಟ್ಟುತ್ತೇವೆ’. ಹೆಸರನ್ನು ಗಮನಿಸಬೇಕು: ‘ಅವರು ಕಟ್ಟುತ್ತಾರೆ’ ಎಂದಲ್ಲ, ‘ನಾವು’ ಎಂದು. ಆ ದಿನಗಳಲ್ಲಿ ಕಡಲ ಒಡ್ಡಿಗೆ ದೊಡ್ಡ ದೊಡ್ಡ ಕರಿಗಲ್ಲುಗಳನ್ನು ಕೂರಿಸುವ ಕೆಲಸಗಾರರನ್ನು ಚಿತ್ರಿಸುವಾಗ ನಡೆದ ಸಂಗತಿಯೊಂದನ್ನು ಈವೆನ್ಸರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಷ್ಟು ಸಲ ತೆಗೆದರೂ ಆ ಕೆಲಸದ ಭಾರ ಚಿತ್ರದಲ್ಲಿ ಬರುತ್ತಿರಲಿಲ್ಲವಂತೆ. ಕೊನೆಗೆ ತಾವೇ ಹೋಗಿ ಕಲ್ಲೆತ್ತಲು ಕೈ ಹಾಕಿದರು. ಆಗ ತಿಳಿಯಿತು, ಆ ಭಾರವೆಲ್ಲ ಹೆಗಲಿನಲ್ಲಿಯೂ ಗದ್ದದಲ್ಲಿಯೂ ಬಿಗಿಯುತ್ತದೆಂದು. ಆಮೇಲೆ ಕ್ಯಾಮರಾವನ್ನು ಆ ಹೆಗಲಿನ, ಆ ಗದ್ದದ ಬಳಿಗೆ ಒಯ್ದರು, ಚಿತ್ರ ಸರಿಯಾಯಿತು.

ಬಂಧುಗಳೇ, ಈ ಮಾತನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅರೆಯುವ ಕಲ್ಲಿನ ಮುಂದೆ ಕುಳಿತವನಿಗೆ ನೋವು ಕೈಯಲ್ಲಲ್ಲ, ಸೊಂಟದಲ್ಲಿ ಎಂಬುದು ಗೊತ್ತು. ತಟ್ಟೆ ಹೊತ್ತು ದಿನವೆಲ್ಲ ಮೇಜಿನಿಂದ ಮೇಜಿಗೆ ಓಡುವ ಮಾಣಿಗೆ ಭಾರವಾಗುವುದು ತಟ್ಟೆಯಲ್ಲ, ಕಾಲು. ನೋಡುವವನಿಗೆ ತೋರುವುದು ಒಂದು, ಮಾಡುವವನಿಗೆ ತಿಳಿಯುವುದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ದಾಟಲು ಕಲ್ಲನ್ನು ಕೈಯಿಂದ ಮುಟ್ಟಿದ ಚಿತ್ರಕಾರನೆಂದು ನಾವು ಈವೆನ್ಸರನ್ನು ಗೌರವಿಸುತ್ತೇವೆ.

ಅದೇ ಕಾಲದ ಇನ್ನೊಂದು ಸ್ವಾರಸ್ಯದ ಸಂಗತಿ. ಆಮ್ಸ್ಟರ್ಡಾಮಿನಲ್ಲಿ ಕೆಲಸಗಾರರಿಗೆ ಚಿತ್ರ ತೋರಿಸುವ ಒಂದು ಸಂಘವಿತ್ತು. ಹಣ ಮಾತ್ರ ಇರಲಿಲ್ಲ. ಈವೆನ್ಸರೂ ಗೆಳೆಯರೂ ಶುಕ್ರವಾರ ದೊಡ್ಡ ಕಂಪನಿಗಳ ವಾರ್ತಾಚಿತ್ರಗಳನ್ನು ಬಾಡಿಗೆಗೆ ತರುವರು. ಶನಿವಾರ ಅವನ್ನು ಕತ್ತರಿಸಿ ಬೇರೆ ಕ್ರಮದಲ್ಲಿ ಜೋಡಿಸುವರು. ಆದಿತ್ಯವಾರ ಕೆಲಸಗಾರರ ಮುಂದೆ ತೋರಿಸುವರು. ಸೋಮವಾರ ಎಲ್ಲವನ್ನೂ ಮೊದಲಿನಂತೆಯೇ ಅಂಟಿಸಿ ಹಿಂದಿರುಗಿಸುವರು. ಚಿತ್ರ ಅದೇ, ಜೋಡಣೆ ಬೇರೆ, ಅರ್ಥವೇ ಬೇರೆಯಾಯಿತು. ಕ್ಯಾಮರಾ ಹಿಡಿದ ಕೈಗಿಂತ ಕತ್ತರಿ ಹಿಡಿದ ಕೈಯೇ ಕೆಲವು ಸಲ ದೊಡ್ಡದೆಂಬುದನ್ನು ಅವರು ಕಲಿತದ್ದು ಹೀಗೆ. ಈ ಕತ್ತರಿಯ ಮಾತು ಮುಂದೆ ಮತ್ತೆ ಬರುವುದು, ನೆನಪಿರಲಿ.

1931ರಲ್ಲಿ ಐಂಡ್ಹೋವನ್ನಿನ ಫಿಲಿಪ್ಸ್ ಕಂಪನಿಯವರು ತಮ್ಮ ರೇಡಿಯೋ ಕಾರಖಾನೆಯ ಮೇಲೊಂದು ಚಿತ್ರ ಮಾಡಿಸಿದರು. ಧ್ವನಿ ಸೇರಿಸಿ ತೆಗೆದ ಮೊದಲ ಡಚ್ ಚಿತ್ರಗಳಲ್ಲಿ ಅದು ಮುಖ್ಯವಾದುದು. ಕಂಪನಿಗೆ ಬೇಕಾಗಿದ್ದುದು ಯಂತ್ರದ ವೈಭವ. ಈವೆನ್ಸರು ಅದನ್ನು ತೋರಿಸಿದರು. ಆದರೆ ಅದರ ನಡುವೆಯೇ ಗಾಜು ಊದುವವರ ಮುಖವನ್ನು ಹತ್ತಿರದಿಂದ ಹಿಡಿದರು. ಕೆನ್ನೆಗಳು ಉಬ್ಬಿ ಉಬ್ಬಿ ಚರ್ಮ ಸಡಿಲಾಗಿರುವ, ಬೆವರು ಸುರಿಯುವ ಮುಖಗಳವು. ಮಾಲೀಕನ ಹಣದಲ್ಲಿ ತೆಗೆದ ಚಿತ್ರದಲ್ಲಿಯೂ ಆಳಿನ ಉಸಿರು ಕೇಳಿಸಿತು. ಆದರೂ ಆ ಕೆಲಸಗಾರರ ಮನೆ, ಸಂಬಳ, ಸಂಸಾರ ಇವು ಚಿತ್ರದಲ್ಲಿ ಬರಲಿಲ್ಲ. ಕಾರಖಾನೆಯ ಬಾಗಿಲಿನಾಚೆಗೆ ಕ್ಯಾಮರಾ ಹೋಗಲಿಲ್ಲ. ಹಣ ಕೊಟ್ಟವನ ಬೇಲಿ ಎಲ್ಲಿಯವರೆಗೆ ಇರುವುದೆಂಬುದು ಅಲ್ಲಿ ಗೊತ್ತಾಯಿತು.

ಆ ಬೇಲಿಯನ್ನು ಮುರಿದುದು ‘ಹೊಸ ನೆಲ’ ಎಂಬ ಚಿತ್ರದಲ್ಲಿ. ಹಾಲೆಂಡ್ ಕಡಲಿನಿಂದ ನೆಲವನ್ನು ಕಸಿದುಕೊಂಡು ಬದುಕುವ ದೇಶ. ಜೌಡರ್‌ಜೇ ಎಂಬ ಒಳಗಡಲಿಗೆ ಅಡ್ಡಲಾಗಿ ಮೂವತ್ತೆರಡು ಕಿಲೋಮೀಟರ್ ಉದ್ದದ ಒಡ್ಡನ್ನು ಕಟ್ಟಿ, 1932ರ ಮೇ 28ರಂದು ಕೊನೆಯ ಕಂಡಿಯನ್ನು ಮುಚ್ಚಿದರು. ಸಾವಿರಾರು ಜನ ವರ್ಷಗಟ್ಟಲೆ ಜೇಡಿಮಣ್ಣನ್ನೂ ಕಲ್ಲನ್ನೂ ಸುರಿದು ಕಡಲ ಬಾಯಿ ಕಟ್ಟಿದರು. ಈವೆನ್ಸರು ಈ ಕೆಲಸವನ್ನು ಮೊದಲಿನಿಂದಲೂ ಚಿತ್ರಿಸುತ್ತ ಬಂದಿದ್ದರು. ಕಂಡಿ ಮುಚ್ಚುವ ದೃಶ್ಯವನ್ನು ನೆಲದ ಕಡೆಯಿಂದಲೂ, ನೀರಿನ ಕಡೆಯಿಂದಲೂ, ಯಂತ್ರದ ಕಡೆಯಿಂದಲೂ ತೆಗೆದು, ಒಂದು ಕಾಳಗವೆಂಬಂತೆ ಜೋಡಿಸಿದರು. ಸಂಗೀತ ಕೂಡಿಸಿದವರು ಹಾನ್ಸ್ ಐಸ್ಲರ್. ಮುಂದೆ ಹೊಸ ನೆಲ ಒಣಗಿತು, ಉತ್ತರು, ಬಿತ್ತಿದರು, ಗೋಧಿ ತೆನೆಗಟ್ಟಿತು. ಸರಕಾರಕ್ಕೆ ಮೆಚ್ಚಿಕೆಯಾಗುವ ಚಿತ್ರ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1929ರ ತರುವಾಯ ಜಗತ್ತಿನ ವ್ಯಾಪಾರ ಕುಸಿದು ಬಿದ್ದಿತ್ತು. ಬೆಲೆ ಇಳಿಯಬಾರದೆಂದು ಧಾನ್ಯವನ್ನು ಸುಡುತ್ತಿದ್ದರು, ಕಡಲಿಗೆ ಎಸೆಯುತ್ತಿದ್ದರು. ಇತ್ತ ಕೆಲಸವಿಲ್ಲದವರು ಹಸಿವಿನ ಮೆರವಣಿಗೆ ಹೊರಟಿದ್ದರು. ಈವೆನ್ಸರು ಈ ಎರಡೂ ದೃಶ್ಯಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಚಿತ್ರದ ಕೊನೆಗೆ ಸೇರಿಸಿದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಲೆಂಡಿನ ಕೂಲಿಕಾರನ ಕೈ ನಿಜವಾಗಿಯೂ ಕೆಸರಾಗಿತ್ತು. ಆದರೆ ಮೊಸರು ಕಡಲಿನ ಬಾಯಿಗೆ ಹೋಯಿತು. ಕಡಲಿನಿಂದ ಪಡೆದ ನೆಲದ ಬೆಳೆಗೆ ಕಡಲೇ ಗತಿಯೆಂದಾದರೆ ಆ ದುಡಿಮೆಯ ಅರ್ಥವೇನು? ಚಿತ್ರ ಕೇಳಿದ ಪ್ರಶ್ನೆ ಇದೇ.

1933ರಲ್ಲಿ ಈವೆನ್ಸರು ನೆರೆಯ ಬೆಲ್ಜಿಯಮ್ಮಿಗೆ ಹೋದರು. ಅಲ್ಲಿನ ಬೊರಿನಾಜ್ ಎಂಬ ಕಲ್ಲಿದ್ದಲಿನ ಸೀಮೆಯಲ್ಲಿ ಹಿಂದಿನ ವರ್ಷ ಸಂಬಳ ಕಡಿತದ ವಿರುದ್ಧ ದೊಡ್ಡ ಮುಷ್ಕರ ನಡೆದಿತ್ತು. ಸೋತ ಮೇಲೆ ಮುಂದಾಳುಗಳಿಗೆ ಕೆಲಸವಿಲ್ಲ, ಕಂಪನಿಯ ಮನೆಗಳಲ್ಲಿ ಇರಲು ಅಪ್ಪಣೆಯಿಲ್ಲ. ಬ್ರಸೆಲ್ಸಿನ ಒಂದು ಚಿತ್ರಸಂಘದವರು ಕೂಡಿಸಿದ ಅಲ್ಪ ಹಣದಲ್ಲಿ ಹೆನ್ರಿ ಸ್ಟೋರ್ಕ್ ಎಂಬ ಬೆಲ್ಜಿಯನ್ ಚಿತ್ರಕಾರರೂ ಈವೆನ್ಸರೂ ಕೂಡಿ ಕೆಲಸಕ್ಕೆ ತೊಡಗಿದರು. ಪೊಲೀಸರ ಕಣ್ಣು ತಪ್ಪಿಸಬೇಕಾಗಿತ್ತು. ಗಣಿ ಕೆಲಸಗಾರರೇ ಅವರನ್ನು ಮನೆಗಳಲ್ಲಿ ಮಲಗಿಸಿ, ಕ್ಯಾಮರಾ ಅಡಗಿಸಿ ಕಾಪಾಡಿದರು.

ಅಲ್ಲಿಯ ಒಂದು ದೃಶ್ಯ ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ಸಾಲ ತೀರದ ಒಂದು ಮನೆಗೆ ಸಾಮಾನು ಜಪ್ತಿ ಮಾಡಲು ಅಮೀನ ಬರುತ್ತಾನೆ. ನೆರೆಹೊರೆಯವರೆಲ್ಲ ಬಂದು ಕುರ್ಚಿಯ ಮೇಲೆ, ಮೇಜಿನ ಮೇಲೆ, ಮಂಚದ ಮೇಲೆ ಸುಮ್ಮನೆ ಕುಳಿತುಬಿಡುತ್ತಾರೆ. ಹೊಡೆದಾಟವಿಲ್ಲ, ಬೈಗುಳವಿಲ್ಲ. ಕುಳಿತವರನ್ನು ಎಬ್ಬಿಸದೆ ಕುರ್ಚಿಯನ್ನು ಒಯ್ಯುವುದಾದರೂ ಹೇಗೆ? ಒಗ್ಗಟ್ಟು ಎಂಬ ಶಬ್ದಕ್ಕೆ ಇದಕ್ಕಿಂತ ಸರಳವಾದ ಚಿತ್ರವನ್ನು ನಾವು ಕಾಣೆವು. ಇನ್ನೊಂದು ಸಂಗತಿ: ಕಾರ್ಲ್ ಮಾರ್ಕ್ಸರ ಭಾವಚಿತ್ರ ಹಿಡಿದು ಹೋಗುವ ಮೆರವಣಿಗೆಯೊಂದನ್ನು ಚಿತ್ರಕ್ಕಾಗಿ ಏರ್ಪಡಿಸಿದ್ದರು. ಮೆರವಣಿಗೆ ಹೊರಟಂತೆ ಮನೆಮನೆಯಿಂದ ಜನ ಹೊರಗೆ ಬಂದು ಸೇರಿದರು. ನಟನೆಯೆಂದು ತೊಡಗಿದ್ದು ನಿಜವಾದ ಮೆರವಣಿಗೆಯೇ ಆಯಿತು, ಪೊಲೀಸರೂ ಬಂದರು.

ಇಲ್ಲಿ ಈವೆನ್ಸರು ಒಂದು ಕಠಿಣ ನಿಯಮವನ್ನು ಹಾಕಿಕೊಂಡರು. ‘ಮಳೆ’ ಚಿತ್ರದಲ್ಲಿ ಹನಿಹನಿಯ ಸೊಬಗನ್ನು ಹಿಡಿದವರು, ಇಲ್ಲಿ ಚೆಂದದ ಬೆಳಕು ನೆರಳು ಬೇಡವೆಂದರು. ನೋಡುವವನು ಗುಡಿಸಲನ್ನು ಕಂಡು ‘ಎಷ್ಟು ಸುಂದರವಾದ ಚಿತ್ರ’ ಎಂದು ಹೇಳಿಬಿಟ್ಟರೆ ಒಳಗಿರುವ ಸಂಸಾರ ಮರೆತುಹೋಗುತ್ತದೆ ಎಂಬುದು ಅವರ ಕಾರಣ. ಬಡತನವನ್ನು ಚಿತ್ತಾರ ಮಾಡಿ ಮಾರುವವರು ಇಂದಿಗೂ ಬಹಳ ಮಂದಿ ಇರುವಾಗ ಈ ನಿಯಮದ ಬೆಲೆ ನಮಗೆ ಗೊತ್ತಾಗುತ್ತದೆ.

ಮುಂದೆ 1937ರಲ್ಲಿ ಸ್ಪೇಯಿನ್. ಅಲ್ಲಿ ಚುನಾಯಿತ ಗಣರಾಜ್ಯದ ವಿರುದ್ಧ ಜನರಲ್ ಫ್ರಾಂಕೋ ದಂಗೆಯೆದ್ದಿದ್ದನು. ಹಿಟ್ಲರ್, ಮುಸೊಲಿನಿ ಅವನ ಬೆಂಬಲಕ್ಕೆ ನಿಂತಿದ್ದರು. ಅಮೇರಿಕದ ಕೆಲವು ಸಾಹಿತಿಗಳು ಹಣ ಕೂಡಿಸಿ ಈವೆನ್ಸರನ್ನು ಕಳುಹಿಸಿದರು. ‘ಸ್ಪೇಯಿನ್ನಿನ ಮಣ್ಣು’ ಎಂಬ ಆ ಚಿತ್ರದಲ್ಲಿ ಒಂದು ಕಡೆ ಮ್ಯಾಡ್ರಿಡ್ಡಿನ ಮೇಲೆ ಬೀಳುವ ಗುಂಡುಗಳು; ಇನ್ನೊಂದು ಕಡೆ ಫ್ಯುಯೆಂತಿದುಎನ್ಯ ಎಂಬ ಹಳ್ಳಿಯ ರೈತರು ಒಣ ಹೊಲಕ್ಕೆ ನೀರು ತರಲು ಕಾಲುವೆ ತೋಡುತ್ತಿರುವುದು. ಕಾದುವುದೂ ಅಗೆಯುವುದೂ ಒಂದೇ ಮಣ್ಣಿಗಾಗಿ ಎಂಬುದು ಅದರ ತಾತ್ಪರ್ಯ. ವಿವರಣೆಯನ್ನು ಬರೆದು ಓದಿದವರು ಅರ್ನೆಸ್ಟ್ ಹೆಮಿಂಗ್ವೇ. ಅದೇ ವರ್ಷದ ಜುಲೈಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರೂ ತಮ್ಮ ನಿವಾಸದಲ್ಲಿ ಅದನ್ನು ನೋಡಿದರು. ಚಿತ್ರದಿಂದ ಕೂಡಿದ ಹಣದಲ್ಲಿ ಗಾಯಾಳುಗಳಿಗಾಗಿ ಆಂಬುಲೆನ್ಸ್ ಗಾಡಿಗಳನ್ನು ಕೊಂಡರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಹೋದರು; ಅಲ್ಲಿಂದ ಹೊರಡುವಾಗ ತಮ್ಮ ಕ್ಯಾಮರಾವನ್ನು ಗುಟ್ಟಾಗಿ ಚೀನೀ ಚಿತ್ರಕಾರರ ಕೈಗೆ ಕೊಟ್ಟು ಬಂದರು. ನಿಮ್ಮ ಚಿತ್ರವನ್ನು ನೀವೇ ತೆಗೆಯಿರಿ ಎಂಬುದನ್ನು ಮಾತಿನಲ್ಲಿ ಹೇಳದೆ ಕೈಯಿಂದ ಹೇಳಿದಂತಾಯಿತು.

ಇನ್ನು ನಮ್ಮವರ ಕಥೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಡೊನೇಷ್ಯಾ ಡಚ್ಚರ ವಸಾಹತು. ಜಪಾನೀಯರು ಅದನ್ನು ಹಿಡಿದಿದ್ದರು. 1944ರಲ್ಲಿ ಡಚ್ ಆಡಳಿತವು ಈವೆನ್ಸರನ್ನು ಅಲ್ಲಿಯ ಚಿತ್ರಾಧಿಕಾರಿಯಾಗಿ ನೇಮಿಸಿತು. ಜಪಾನೀಯರು ಹೋದ ಮೇಲೆ ಜನರಿಗೆ ಹೊಸ ಬಾಳು ಬರುವುದು, ಅದನ್ನು ತಾವು ಚಿತ್ರಿಸಬಹುದು ಎಂಬ ಭರವಸೆಯಿಂದ ಅವರು ಒಪ್ಪಿ ಆಸ್ಟ್ರೇಲಿಯಕ್ಕೆ ಹೋಗಿ ಕಾದರು. 1945ರ ಆಗಸ್ಟ್ 17ರಂದು ಇಂಡೊನೇಷ್ಯದವರು ಸ್ವಾತಂತ್ರ್ಯವನ್ನು ಸಾರಿದರು. ಡಚ್ಚರಾದರೋ ಆಳ್ವಿಕೆಯನ್ನು ಮರಳಿ ಪಡೆಯಲು ಸೈನ್ಯ, ಮದ್ದುಗುಂಡುಗಳನ್ನು ಹಡಗಿಗೇರಿಸಲು ತೊಡಗಿದರು. ಆ ಹಡಗುಗಳು ಹೊರಡಬೇಕಾಗಿದ್ದುದು ಆಸ್ಟ್ರೇಲಿಯದ ಬಂದರುಗಳಿಂದ.

ಸೆಪ್ಟೆಂಬರಿನಲ್ಲಿ ಇಂಡೊನೇಷ್ಯದ ಖಲಾಸಿಗಳು ಡಚ್ ಹಡಗುಗಳಿಂದ ಇಳಿದರು. ಆಸ್ಟ್ರೇಲಿಯದ ಬಂದರು ಕೆಲಸಗಾರರು ಆ ಹಡಗುಗಳಿಗೆ ಸಾಮಾನು ತುಂಬಲೊಲ್ಲೆವೆಂದರು. ಚೀನೀಯರು, ಮಲಯದವರು ಕೂಡಿಕೊಂಡರು. ಆಗ ಡಚ್ಚರು ಕಣ್ಣು ಹಾಕಿದ್ದು ಭಾರತದ ಖಲಾಸಿಗಳ ಮೇಲೆ. ಮುಂಬಯಿ, ಕಲ್ಕತ್ತಾ ಬಂದರುಗಳಿಂದ ಹಡಗೇರುತ್ತಿದ್ದ ನಮ್ಮವರು ಕಡಿಮೆ ಸಂಬಳಕ್ಕೆ ಯಾವ ಹಡಗಿನಲ್ಲಿಯೂ ದುಡಿಯುವರೆಂಬ ಲೆಕ್ಕ. ಆ ಲೆಕ್ಕ ತಪ್ಪಿತು. ನಮ್ಮವರೂ ಆಸ್ಟ್ರೇಲಿಯದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ಕೆಲಸ ನಿಲ್ಲಿಸಿದರು.

ಸಿಡ್ನಿ ಬಂದರಿನಲ್ಲಿ ‘ಪತ್ರಾಸ್’ ಎಂಬ ಡಚ್ ಹಡಗು ಭಾರತೀಯ ಖಲಾಸಿಗಳನ್ನು ಏರಿಸಿಕೊಂಡು ಹೊರಟೇಬಿಟ್ಟಿತು. ಒಂದು ಪುಟ್ಟ ಮೋಟಾರು ದೋಣಿಯಲ್ಲಿ ಸಂಘದವರು ಅದನ್ನು ಬೆನ್ನಟ್ಟಿದರು. ಎತ್ತರದ ಹಡಗಿನ ಪಕ್ಕದಲ್ಲಿ ಕುಲುಕಾಡುತ್ತ ಓಡುವ ದೋಣಿಯಿಂದ, ನಮ್ಮವರಿಗೆ ತಿಳಿಯುವ ಮಾತಿನಲ್ಲಿ, ಕೂಗಿ ಹೇಳಿದರು: ಈ ಹಡಗು ಸ್ವಾತಂತ್ರ್ಯವನ್ನು ಕೊಲ್ಲಲು ಹೋಗುತ್ತಿದೆ, ಕೆಲಸ ನಿಲ್ಲಿಸಿರಿ. ಹಡಗು ನಿಲ್ಲಲಿಲ್ಲ, ಕಡಲಿಗೆ ಸಾಗಿತು. ದೋಣಿ ಹಿಂದಿರುಗಿತು. ಆದರೆ ಹೇಳಿದ ಮಾತು ಹಡಗಿನೊಳಗೆ ಉಳಿದಿತ್ತು. ಬಾಯ್ಲರಿನ ಖಲಾಸಿಗಳು ಕೆಲಸ ಬಿಟ್ಟರು. ಉರಿಯಿಲ್ಲದ ಹಡಗು ಎಲ್ಲಿಗೆ ಹೋದೀತು? ‘ಪತ್ರಾಸ್’ ಸಿಡ್ನಿಗೆ ಮರಳಿ ಬಂತು.

ಆ ದಿನಗಳ ಇನ್ನೊಂದು ಸತ್ಯವನ್ನು ಇಲ್ಲಿಯೇ ಹೇಳಬೇಕು. 1945ರ ನವೆಂಬರಿನಲ್ಲಿ ಜಾವಾದ ಸುರಬಾಯದಲ್ಲಿ ಇಂಡೊನೇಷ್ಯದ ತರುಣರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯ ಸಿಪಾಯಿಗಳು. ನಮ್ಮದೇ ದೇಶ ಆಗ ಪರಾಧೀನ. ಒಬ್ಬ ಭಾರತೀಯನು ಅನ್ನಕ್ಕಾಗಿ ಬಂದೂಕು ಹಿಡಿದು ಇನ್ನೊಬ್ಬರ ಸ್ವಾತಂತ್ರ್ಯವನ್ನು ತುಳಿಯಬೇಕಾಯಿತು. ಇನ್ನೊಬ್ಬ ಭಾರತೀಯನು ಅನ್ನವನ್ನೇ ಪಣಕ್ಕೊಡ್ಡಿ ಸಲಿಕೆ ಕೆಳಗಿಟ್ಟನು. ಸಿಪಾಯಿಯ ಹೆಸರು ಸೈನ್ಯದ ದಫ್ತರದಲ್ಲಿ ಇದ್ದೀತು. ಆ ಖಲಾಸಿ ಸಲಿಕೆ ಕೆಳಗಿಟ್ಟನೆಂಬುದನ್ನು ಲೋಕಕ್ಕೆ ತೋರಿಸಿದ್ದು ಈವೆನ್ಸರ ಚಿತ್ರ.

1945ರ ನವೆಂಬರ್ 21ರಂದು ಈವೆನ್ಸರು ಡಚ್ ಆಡಳಿತದ ಹುದ್ದೆಗೆ ರಾಜೀನಾಮೆ ಕೊಟ್ಟು, ಪತ್ರಿಕೆಯವರ ಮುಂದೆ ಬಹಿರಂಗವಾಗಿ ಕಾರಣ ಹೇಳಿದರು. ದೊಡ್ಡ ಸಂಬಳದ ಸರಕಾರಿ ಚಿತ್ರ ಹೋಯಿತು. ಕೈಯಲ್ಲಿ ಹಣವಿಲ್ಲ, ಒಳ್ಳೆಯ ಸಲಕರಣೆಯಿಲ್ಲ. ಬಂದರು ಕೆಲಸಗಾರರ ಸಂಘದ ಬೆಂಬಲದಿಂದ, ಅಲ್ಲಿ ಇಲ್ಲಿ ಸಿಕ್ಕಿದ ಫಿಲ್ಮಿನಲ್ಲಿ, ಇಪ್ಪತ್ತೆರಡು ನಿಮಿಷದ ‘ಇಂಡೊನೇಷ್ಯಾ ಕರೆಯುತ್ತಿದೆ’ ಎಂಬ ಚಿತ್ರ ಸಿದ್ಧವಾಯಿತು. ಛಾಯಾಗ್ರಹಣದಲ್ಲಿ ಮೇರಿಯನ್ ಮಿಷೆಲ್, ವಿವರಣೆಯ ಬರವಣಿಗೆಯಲ್ಲಿ ಕ್ಯಾಥರೀನ್ ಡಂಕನ್, ದನಿಯಲ್ಲಿ ನಟ ಪೀಟರ್ ಫಿಂಚ್ ನೆರವಾದರು. ಮೊದಲೇ ನಡೆದುಹೋಗಿದ್ದ ಕೆಲವು ಸಂಗತಿಗಳನ್ನು ಮತ್ತೊಮ್ಮೆ ಮಾಡಿಸಿ ತೆಗೆದರು. 1946ರ ಆಗಸ್ಟಿನಲ್ಲಿ ಸಿಡ್ನಿಯಲ್ಲಿ ಮೊದಲ ಪ್ರದರ್ಶನ. ಆಸ್ಟ್ರೇಲಿಯ ಸರಕಾರ ಚಿತ್ರವನ್ನು ಹೊರದೇಶಕ್ಕೆ ಒಯ್ಯಬಾರದೆಂದು ಕೆಲವು ಕಾಲ ತಡೆಯಿತು. ಸಂಘಗಳು ಪ್ರತಿಭಟಿಸಿದ ಮೇಲೆ ತಡೆ ತೆಗೆಯಿತು.

ಈ ಚಿತ್ರದ ವಿಷಯದಲ್ಲಿಯೂ ನಾವು ಕಣ್ಣು ತೆರೆದೇ ಇರಬೇಕು. ಭಾರತೀಯ ಖಲಾಸಿಗಳು ಸ್ವಂತ ಬುದ್ಧಿಯಿಂದ, ಸ್ವಂತ ಸಂಘಟನೆಯಿಂದ ಮಾಡಿದ ಹೋರಾಟ ಚಿತ್ರದಲ್ಲಿ ತೋರಿದುದಕ್ಕಿಂತ ಬಹಳ ದೊಡ್ಡದೆಂದು ಆಸ್ಟ್ರೇಲಿಯದ ಇತಿಹಾಸಕಾರರಾದ ಹೀದರ್ ಗುಡಾಲ್ ಅವರು ಹಳೆಯ ದಾಖಲೆಗಳನ್ನು ಹುಡುಕಿ ಬರೆದಿದ್ದಾರೆ. ಸ್ನೇಹಿತನ ಕ್ಯಾಮರಾದಲ್ಲಿಯೂ ನಮ್ಮವರು ಕೊಂಚ ಚಿಕ್ಕದಾಗಿಯೇ ಕಂಡರು ಎಂದಾಯಿತು. ಇದು ಈವೆನ್ಸರನ್ನು ದೂಷಿಸುವ ಮಾತಲ್ಲ. ನಮ್ಮ ಕಥೆಯನ್ನು ಇನ್ನೊಬ್ಬರು ಹೇಳಿದರೆ, ಎಷ್ಟೇ ಪ್ರೀತಿಯಿಂದ ಹೇಳಿದರೂ, ಸ್ವಲ್ಪ ಉಳಿದೇ ಹೋಗುತ್ತದೆ ಎಂಬ ಪಾಠ.

ಆ ಇಪ್ಪತ್ತೆರಡು ನಿಮಿಷಕ್ಕೆ ಈವೆನ್ಸರು ಬಹಳ ವರ್ಷ ಬೆಲೆ ತೆತ್ತರು. ಡಚ್ ಸರಕಾರಕ್ಕೆ ಅವರು ದೇಶದ್ರೋಹಿಯಂತಾದರು. ಪಾಸ್‌ಪೋರ್ಟಿನ ವಿಷಯದಲ್ಲಿ ಅಧಿಕಾರಿಗಳು ಕಾಟ ಕೊಟ್ಟರು. ಪೂರ್ವ ಯುರೋಪಿನ ದೇಶಗಳಲ್ಲಿ ನೆಲೆಸಿ ಕೆಲಸ ಮಾಡಬೇಕಾಯಿತು. 1954ರಲ್ಲಿ ಕಾರ್ಮಿಕ ಸಂಘಗಳ ವಿಶ್ವ ಒಕ್ಕೂಟಕ್ಕಾಗಿ ‘ನದಿಗಳ ಗೀತ’ ಎಂಬ ಚಿತ್ರವನ್ನು ಮಾಡಿದರು. ವೋಲ್ಗಾ, ಮಿಸಿಸಿಪಿ, ನೈಲ್, ಅಮೆಜಾನ್, ಯಾಂಗ್‌ತ್ಸೆ ನದಿಗಳೊಡನೆ ನಮ್ಮ ಗಂಗೆಯೂ ಅದರಲ್ಲಿದೆ. ಶೋಸ್ತಕೋವಿಚ್ ಸಂಗೀತ, ಬ್ರೆಖ್ಟ್ ಸಾಹಿತ್ಯ, ಪಾಲ್ ರೋಬ್ಸನ್ ಕಂಠ. ಅನೇಕ ದೇಶಗಳ ಛಾಯಾಗ್ರಾಹಕರು ತೆಗೆದು ಕಳುಹಿಸಿದ ತುಣುಕುಗಳನ್ನು ಜೋಡಿಸಿ ಜಗತ್ತಿನ ದುಡಿಮೆಗಾರರೆಲ್ಲ ಒಂದೇ ಪ್ರವಾಹವೆಂದು ತೋರಿಸಿದ ಚಿತ್ರವದು.

ಹೊಗಳಿಕೆಯನ್ನು ಇಲ್ಲಿಗೆ ನಿಲ್ಲಿಸಿ ಕಹಿ ಮಾತನ್ನೂ ಹೇಳುವುದು ನಮ್ಮ ಕರ್ತವ್ಯ. ಕತ್ತರಿಯ ಮಾತು ನೆನಪಿರಲೆಂದು ಹೇಳಿದ್ದೆವಲ್ಲವೆ? ಆ ಕತ್ತರಿ ಬಂಡವಾಳದವನ ಕೈಯಲ್ಲಿ ಮಾತ್ರ ಇರುವುದೆಂದು ತಿಳಿದರೆ ಮೋಸ ಹೋಗುತ್ತೇವೆ. 1949ರ ‘ಮೊದಲ ವರ್ಷಗಳು’ ಎಂಬ ಚಿತ್ರದಲ್ಲಿ ಯುಗೋಸ್ಲಾವಿಯದ ಭಾಗವೂ ಇರಬೇಕಿತ್ತು. 1948ರಲ್ಲಿ ಟಿಟೋ ಅವರಿಗೂ ಸ್ಟಾಲಿನ್ನರಿಗೂ ಬಿರುಕು ಬಿದ್ದೊಡನೆ ಆ ಭಾಗ ಮಾಯವಾಯಿತು. ಅದಕ್ಕೂ ಮೊದಲು, 1932ರಲ್ಲಿ, ರಷ್ಯದ ಮಾಗ್ನಿತೊಗೋರ್ಸ್ಕಿನ ಉಕ್ಕಿನ ಕುಲುಮೆಗಳನ್ನು ಹಾಡಿ ಹೊಗಳಿ ಚಿತ್ರಿಸಿದ್ದರು. ಊರಿನಿಂದ ಕಿತ್ತು ತಂದು ಬಲವಂತವಾಗಿ ದುಡಿಸುತ್ತಿದ್ದ ಸಾವಿರಾರು ರೈತರ ಪಾಡು ಅದರಲ್ಲಿ ಇಲ್ಲ. 1953ರ ಜೂನ್ 17ರಂದು ಪೂರ್ವ ಬರ್ಲಿನ್ನಿನಲ್ಲಿ, ಕೆಲಸದ ಪ್ರಮಾಣವನ್ನು ಏರಿಸಿದ್ದಕ್ಕಾಗಿ ಮುಷ್ಕರ ಹೂಡಿದ ಕಟ್ಟಡ ಕೆಲಸಗಾರರ ಮೇಲೆ ರಷ್ಯದ ಟ್ಯಾಂಕುಗಳು ಬಂದವು. ‘ನದಿಗಳ ಗೀತ’ ತಯಾರಾದದ್ದು ಅದೇ ಪೂರ್ವ ಜರ್ಮನಿಯ ಸರಕಾರಿ ಚಿತ್ರಸಂಸ್ಥೆಯಲ್ಲಿ, ಮರುವರ್ಷ. ಆ ಗೀತದಲ್ಲಿ ಆ ಕೆಲಸಗಾರರಿಗಾಗಿ ಒಂದು ನುಡಿಯಿಲ್ಲ. ಕಟ್ಟಡ ಕೆಲಸಗಾರರ ಸಂಘದಿಂದಲೇ ಕಣ್ಣು ತೆರೆದ ಕಲಾವಿದರು ಇಲ್ಲಿ ಕಟ್ಟಡ ಕೆಲಸಗಾರರನ್ನೇ ಕಾಣಲಿಲ್ಲ.

1976ರಲ್ಲಿ ಹೊರಬಂದ ಚೀನಾದ ಚಿತ್ರಮಾಲೆಯ ಕಥೆಯೂ ಇಂತಹುದೇ. ‘ಯುಕುಂಗನು ಬೆಟ್ಟಗಳನ್ನು ಸರಿಸಿದುದು ಹೇಗೆ’ ಎಂಬ, ಸುಮಾರು ಹನ್ನೆರಡು ತಾಸಿನ ಆ ಮಾಲೆಯನ್ನು ಅವರೂ ಪತ್ನಿ ಮಾರ್ಸೆಲೀನ್ ಲೋರಿಡಾನ್ ಅವರೂ ಕೂಡಿ ತೆಗೆದರು. ಮಾರ್ಸೆಲೀನ್ ಅವರು ನಾಜಿಗಳ ಆಶ್ವಿಟ್ಸ್ ಶಿಬಿರದಿಂದ ಬದುಕಿ ಬಂದವರು. ವಿಯೆಟ್ನಾಮಿನಲ್ಲಿ ಬಾಂಬುಗಳ ಕೆಳಗೆ, ನೆಲದಡಿಯ ಸುರಂಗಗಳಲ್ಲಿ ಈವೆನ್ಸರೊಡನೆ ಬಾಳಿ 1968ರ ‘ಹದಿನೇಳನೆಯ ಅಕ್ಷಾಂಶ’ ಚಿತ್ರಕ್ಕೆ ದುಡಿದವರು. ಚೀನಾದ ಮಾಲೆಯಲ್ಲಿ ಔಷಧದಂಗಡಿಯ ನೌಕರರು, ಜನರೇಟರ್ ಕಾರಖಾನೆಯ ಕೆಲಸಗಾರರು ಬಾಯ್ತುಂಬ ಮಾತನಾಡುತ್ತಾರೆ, ಬಹಳ ಸೊಗಸು. ಆದರೆ ಆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬೀದಿಯಲ್ಲಿ ಅವಮಾನಗೊಂಡವರು, ಸೆರೆಯಾದವರು, ಸತ್ತವರು ಅಲ್ಲಿ ಕಾಣುವುದಿಲ್ಲ. ಬೊರಿನಾಜಿನಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಚಿತ್ರ ತೆಗೆದವರು, ಇಲ್ಲಿ ಸರಕಾರ ತೆರೆದಿಟ್ಟ ಬಾಗಿಲುಗಳಿಂದ ಒಳಗೆ ಹೋದರು. ಬಾಗಿಲು ತೆರೆದವನು ಯಾರೆಂಬುದರ ಮೇಲೆ ಒಳಗೆ ಕಾಣುವುದು ಯಾವುದೆಂಬುದು ನಿಂತಿದೆ. ಫಿಲಿಪ್ಸ್ ಕಾರಖಾನೆಯ ಬೇಲಿ ಬೇರೆ ಬಣ್ಣದಲ್ಲಿ ಮತ್ತೆ ಬಂದಿತ್ತು.

ಈವೆನ್ಸರ ಕೊನೆಯ ಚಿತ್ರ ‘ಗಾಳಿಯ ಕಥೆ’, 1988ರದು. ತೊಂಬತ್ತರ ಅಂಚಿನಲ್ಲಿದ್ದ, ಉಬ್ಬಸದಿಂದ ಬಳಲುತ್ತಿದ್ದ ಮುದುಕರು ಚೀನಾದ ಮರುಭೂಮಿಯಲ್ಲಿ ಕುರ್ಚಿ ಹಾಕಿಕೊಂಡು ಗಾಳಿಗಾಗಿ ಕಾಯುತ್ತಾರೆ. ಅದರಲ್ಲಿ ಒಂದು ಕಡೆ ಮಣ್ಣಿನ ಸೈನಿಕರ ಪ್ರಖ್ಯಾತ ಸಂಗ್ರಹವನ್ನು ಚಿತ್ರಿಸಲು ಅಧಿಕಾರಿಗಳು ಸಾಕಷ್ಟು ಸಮಯ ಕೊಡುವುದಿಲ್ಲ. ಆ ಚೌಕಾಶಿಯನ್ನೇ ಅವರು ಚಿತ್ರದಲ್ಲಿ ತೋರಿಸಿ, ಆಮೇಲೆ ಮಣ್ಣಿನ ಪ್ರತಿಮೆಗಳನ್ನು ತಾವೇ ತರಿಸಿ ದೃಶ್ಯ ತೆಗೆದರು. ಬಾಗಿಲು ಮುಚ್ಚಿದಾಗ ಮುಚ್ಚಿದ ಬಾಗಿಲನ್ನೇ ತೋರಿಸುವ ಧೈರ್ಯ ಕೊನೆಗಾಲಕ್ಕೆ ಮರಳಿ ಬಂದಿತ್ತು. ಅದೇ ವರ್ಷ ವೆನಿಸ್ ಚಿತ್ರೋತ್ಸವದವರು ಜೀವಮಾನದ ಸಾಧನೆಗೆ ಸ್ವರ್ಣಸಿಂಹವನ್ನು ಕೊಟ್ಟರು. ಅದಕ್ಕೂ ಮೊದಲು, 1985ರಲ್ಲಿ, ಡಚ್ ಸಂಸ್ಕೃತಿ ಮಂತ್ರಿಯೇ ಪ್ಯಾರಿಸಿಗೆ ಹೋಗಿ ಪ್ರಶಸ್ತಿಯಿತ್ತು, ಇತಿಹಾಸವು ಈವೆನ್ಸರ ಕಡೆಗೇ ವಾಲಿದೆಯೆಂಬ ಅರ್ಥದ ಮಾತನ್ನಾಡಿದ್ದರು. ಇಂಡೊನೇಷ್ಯದ ವಿಷಯದಲ್ಲಿ ನಲವತ್ತು ವರ್ಷಕ್ಕೆ ನ್ಯಾಯ ಸಿಕ್ಕಿತೆನ್ನಬಹುದು. 1989ರ ಜೂನ್ 28ರಂದು ಪ್ಯಾರಿಸಿನಲ್ಲಿ ಅವರು ಕಣ್ಣು ಮುಚ್ಚಿದರು.

ಬಂಧುಗಳೇ, ಈ ದೀರ್ಘ ಬಾಳಿನಿಂದ ನಾವು ಕಟ್ಟಿಕೊಂಡು ಹೋಗಬೇಕಾದ ಬುತ್ತಿ ಯಾವುದು? ಯಾವ ಚಿತ್ರವನ್ನು ನೋಡಿದರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದಕ್ಕೆ ಹಣ ಯಾರದು? ಬಾಗಿಲು ತೆರೆದವರು ಯಾರು? ಇದರಲ್ಲಿ ಕಾಣದೆ ಹೋದವರು ಯಾರು? ಮಾಲೀಕರ ಚಿತ್ರವಾದರೂ ಕೇಳಬೇಕು, ಸರಕಾರದ್ದಾದರೂ ಕೇಳಬೇಕು, ಕೆಂಪು ಬಾವುಟದ್ದಾದರೂ, ನಮ್ಮದೇ ಸಂಘದ ವಾರ್ಷಿಕೋತ್ಸವದ ಚಿತ್ರವಾದರೂ ಕೇಳಲೇಬೇಕು. ಹೋಟೆಲಿನ ಜಾಹೀರಾತಿನಲ್ಲಿ ಹೊಂಬಣ್ಣದ ದೋಸೆ ಕಾಣುತ್ತದೆ; ಕಾವಲಿಯ ಮುಂದೆ ನಿಂತವನ ಮುಖ ಕಾಣುವುದಿಲ್ಲ, ಒಳಗೆ ತಟ್ಟೆ ತೊಳೆಯುವ ಹುಡುಗನಂತೂ ಇಲ್ಲವೇ ಇಲ್ಲ. ಹಳೆಯ ಗಿರಣಿಯ ಚಿಮಣಿಯ ಚಿತ್ರ ಗೋಡೆಯ ಅಲಂಕಾರವಾಗುತ್ತದೆ. ಅದರ ಕೆಳಗೆ ರಾತ್ರಿಪಾಳಿಯಲ್ಲಿ ನೂಲು ಕಟ್ಟಿದವನ ಹೆಸರು ಎಲ್ಲಿಯೂ ಬರುವುದಿಲ್ಲ. 1982ರ ಜನವರಿ 18ರಂದು ತೊಡಗಿದ ಮುಂಬಯಿಯ ಗಿರಣಿ ಮುಷ್ಕರವನ್ನು ಉಂಡು, ಉಪವಾಸವಿದ್ದು, ಕಂಡ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಅವರೊಡನೆ ಅವರ ಮಾತೂ ಹೋಗುತ್ತಿದೆ.

ಈವೆನ್ಸರ ಕಾಲದಲ್ಲಿ ಕ್ಯಾಮರಾ ಸಿರಿವಂತರ ಮನೆಯ ವಸ್ತು. ಇಂದು ನಮ್ಮಲ್ಲಿ ಮುಕ್ಕಾಲು ಪಾಲು ಜನರ ಕಿಸೆಯಲ್ಲಿ ಮೊಬೈಲಿದೆ. ಅದರಲ್ಲಿ ಕ್ಯಾಮರಾ ಇದೆ. ಉಪಕರಣದ ಕೊರತೆಯ ನೆವ ಇನ್ನು ನಡೆಯದು. ಆದಕಾರಣ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಒಂದು ಸೂಚನೆಯನ್ನಿಡುತ್ತೇವೆ. ಆದಿತ್ಯವಾರಕ್ಕೊಬ್ಬರಂತೆ ನಮ್ಮ ಹಿರಿಯ ಸದಸ್ಯರ ಬಳಿಗೆ ಇಬ್ಬರು ತರುಣರು ಹೋಗಲಿ. ನೇಯ್ಗೆ ಖಾತೆಯ ಕೆಲಸ ಹೇಗಿತ್ತು, ಹೋಟೆಲಿನ ಅಟ್ಟದ ಮೇಲೆ ಎಷ್ಟು ಜನ ಮಲಗುತ್ತಿದ್ದರು, ಮೊದಲ ಸಂಬಳ ಊರಿಗೆ ಹೇಗೆ ಹೋಯಿತು, ಯಾವ ಮಾತಿಗೆ ಕೆಲಸ ಹೋಯಿತು, ಎಲ್ಲವನ್ನೂ ಅವರ ಬಾಯಿಂದಲೇ, ಅವರ ಮುಖ ಕಾಣುವಂತೆ ತುಂಬಿಕೊಳ್ಳಲಿ. ಚೆಂದ ಮಾಡುವ ಗೊಡವೆ ಬೇಡ. ಸಂಘದ ಹೊಗಳಿಕೆಯನ್ನು ಮಾತ್ರ ಉಳಿಸಿ ಸಂಘದ ಮೇಲಿನ ದೂರನ್ನು ಕತ್ತರಿಸುವುದೂ ಬೇಡ. ಹೆಂಗಸರ ಮಾತನ್ನು ಬಿಡಲೇಬಾರದು. ಗಂಡನು ಮುಷ್ಕರದಲ್ಲಿದ್ದಾಗ ಒಲೆ ಹೊತ್ತಿಸಿದವರು ಅವರು.

ಇದರಿಂದ ಲೋಕ ಬದಲಾದೀತೆಂದು ನಾವು ಹೇಳುವುದಿಲ್ಲ. ‘ಇಂಡೊನೇಷ್ಯಾ ಕರೆಯುತ್ತಿದೆ’ ಚಿತ್ರದಿಂದಲೇ ಇಂಡೊನೇಷ್ಯಾ ಸ್ವತಂತ್ರವಾಗಲಿಲ್ಲ. ಆ ದೇಶದ ಜನ 1949ರ ತನಕ ಕಾದಾಡಿ ಡಚ್ಚರ ಕೈಯಿಂದ ಅಧಿಕಾರ ಪಡೆದರು. ಆದರೆ ಆ ಪುಟ್ಟ ಚಿತ್ರವಿಲ್ಲದಿದ್ದರೆ, ಸಿಡ್ನಿ ಬಂದರಿನಾಚೆ ಸಲಿಕೆ ಕೆಳಗಿಟ್ಟು ಡಚ್ ಹಡಗನ್ನು ಹಿಂದಕ್ಕೆ ತಿರುಗಿಸಿದ ಭಾರತದ ಬಡ ಖಲಾಸಿಗಳ ನೆನಪನ್ನು ಇಂದು ಈ ಸಭೆಯಲ್ಲಿ ಎತ್ತುವವರು ಯಾರಿದ್ದರು?